ಗಾಲಿ ನೋಡ್ರಿ, ಮಾರಿ ನೋಡಬ್ಯಾಡ್ರಿ

ನಮ್ಮ ಮನೆಯಿಂದ ಪಾರ್ಕಿಗೆ ಮ್ಯಾಪ್‌ನಲ್ಲಿ ನೋಡಿದರೆ 180 ಮೀಟರ್. ನಡೆದು ಹೋಗಲು ಮೂರು ನಿಮಿಷ ಅಂತ ತೋರಿಸುತ್ತದೆ. ಈ ವರ್ಷ ಜೂನ್ ಹೊತ್ತಿಗೆ ಅಮ್ಮ ಆ ಪಾರ್ಕಿಗೆ ಹೋಗದೆ ಒಂಬತ್ತು ತಿಂಗಳಾಗಿತ್ತು. ನಡುವೆ ಒಂದು ರಸ್ತೆ ಇದೆ, ಅಷ್ಟೆ.

ಹೆದ್ದಾರಿಯೇನಲ್ಲ. ಬೆಂಗಳೂರಿನ ದಕ್ಷಿಣದ ಯಾವ ಬಡಾವಣೆಗೆ ಹೋದರೂ ಸಿಗುವಂಥ ರಸ್ತೆ. ಒಂದು ಕಾಲಕ್ಕೆ ಎರಡೂ ಬದಿ ಮರ, ಕಾಂಪೌಂಡು, ದಾಸವಾಳದ ಗಿಡ ಇದ್ದವಂತೆ. ಈಗ ಕೆಳಗೆ ದರ್ಶಿನಿ, ಮೇಲೆ ಪಿಜಿ. ಒಂದು ಸಿಗ್ನಲ್‌ನಿಂದ ಇನ್ನೊಂದು ಸಿಗ್ನಲ್‌ಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಆ ಒಂದು ಕಿಲೋಮೀಟರಿನೊಳಗೆ ಪಾರ್ಕು, ಗಣಪತಿ ದೇವಸ್ಥಾನ, ಒಂದು ಶಾಲೆ, ಎರಡು ಬಸ್ ಸ್ಟಾಪು, ಮೆಡಿಕಲ್ ಶಾಪು, ಹಾಲಿನ ಬೂತು ಎಲ್ಲ ಇವೆ. ಜನ ದಾಟಬೇಕಾದ ಜಾಗಗಳೆಲ್ಲ ಈ ನಡುವೆಯೇ. ಸಿಗ್ನಲ್ ಇರುವುದು ಮಾತ್ರ ಆ ತುದಿ, ಈ ತುದಿ. ಹಾಲಿನ ಪ್ಯಾಕೆಟ್ ತರಲು ಅರ್ಧ ಕಿಲೋಮೀಟರ್ ನಡೆದು, ಸಿಗ್ನಲ್‌ನಲ್ಲಿ ದಾಟಿ, ಮತ್ತೆ ಅರ್ಧ ಕಿಲೋಮೀಟರ್ ವಾಪಸ್ ಬರುವ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಅಂಥವರು ಯಾರಾದರೂ ಇದ್ದರೆ ಅವರಿಗೊಂದು ದೊಡ್ಡ ನಮಸ್ಕಾರ.

ಅಮ್ಮ ಸಾಗರದವಳು. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದವಳು. ಅಪ್ಪ ಹೋದ ಮೇಲೆ ನನ್ನ ಜೊತೆ ಬಂದು ಇದ್ದಾಳೆ. ಬಂದ ಹೊಸತರಲ್ಲಿ ಅವಳಿಗೆ ಬೆಂಗಳೂರು ಇಷ್ಟವೇ ಆಗಿತ್ತು. ಬೆಳಗ್ಗೆ ಪಾರ್ಕು, ಅಲ್ಲಿ ನಾಲ್ಕು ಜನ ಗೆಳತಿಯರು, ಬರುವಾಗ ಹೂವು, ಒಂದು ಕಟ್ಟು ಸಬ್ಬಸಿಗೆ ಸೊಪ್ಪು. ನಾನು ಎದ್ದು ಲ್ಯಾಪ್‌ಟಾಪ್ ತೆಗೆಯುವ ಹೊತ್ತಿಗೆ ಅವಳ ಅರ್ಧ ದಿನದ ಸುದ್ದಿ ರೆಡಿ ಇರುತ್ತಿತ್ತು.

ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಮೇಲಿನ ಮನೆಯ ಅಂಕಲ್‌ಗೆ ಸ್ಕೂಟರ್ ಗುದ್ದಿತು. ಅವರು ಸುಮ್ಮನೆ ನುಗ್ಗಿದವರಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿದ ಮನುಷ್ಯ, ಎಲ್ಲದರಲ್ಲೂ ಲೆಕ್ಕಾಚಾರ. ರಸ್ತೆ ಅಂಚಿನಲ್ಲಿ ನಿಂತು ಕಾದಿದ್ದಾರೆ. ಒಂದು ಕಾರು ನಿಂತಿದೆ. ಒಳಗಿದ್ದವರು ಒಳ್ಳೆಯವರು, 'ದಾಟಿ ಸರ್' ಅಂತ ಕೈ ಮಾಡಿದ್ದಾರೆ. ಅಂಕಲ್ ಕಾರಿನ ಮುಂದೆ ಹೆಜ್ಜೆ ಇಟ್ಟಿದ್ದಾರೆ. ಆ ಕಾರಿನ ಬಲಗಡೆಯಿಂದ ಬಂದ ಸ್ಕೂಟರ್ ಹುಡುಗನಿಗೆ ಇವರು ಕಂಡಿಲ್ಲ, ಇವರಿಗೆ ಅವನು ಕಂಡಿಲ್ಲ. ಇಬ್ಬರ ನಡುವೆ ಆ ಒಳ್ಳೆಯ ಕಾರು ಗೋಡೆಯ ಹಾಗೆ ನಿಂತಿತ್ತು.

ಹುಡುಗನೂ ಬಿದ್ದ. ಅವನೇ ಎದ್ದು ಆಟೋ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಪಾಪ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಯಾರಿಗೂ ಮನಸ್ಸಾಗಲಿಲ್ಲ. ಅಂಕಲ್‌ಗೆ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಹಾಲ್‌ನಿಂದ ಬಾಲ್ಕನಿವರೆಗೆ ನಡೆಯುತ್ತಾರೆ. ಅಲ್ಲಿಗೇ ಅವರ ಊರು ಮುಗಿಯುತ್ತದೆ.

ಈ ಬಗೆಯ ಅಪಘಾತಕ್ಕೆ ರಸ್ತೆ ಎಂಜಿನಿಯರ್‌ಗಳು ಇಟ್ಟಿರುವ ಹೆಸರು 'ಮಲ್ಟಿಪಲ್ ಥ್ರೆಟ್'. ಒಂದೇ ದಿಕ್ಕಿನಲ್ಲಿ ಎರಡು ಸಾಲು ವಾಹನ ಹೋಗುವ ಕಡೆ ಒಂದು ಸಾಲು ನಿಂತು ಇನ್ನೊಂದು ಸಾಲು ನಿಲ್ಲದೇ ಇದ್ದರೆ, ನಿಂತ ವಾಹನವೇ ಅಪಾಯವನ್ನು ಮುಚ್ಚಿಡುತ್ತದೆ. ಇದಕ್ಕೆ ಮದ್ದೂ ಇದೆ. ನಿಲ್ಲುವ ಗೆರೆಯನ್ನು ಜೀಬ್ರಾ ಪಟ್ಟೆಗೆ ಅಂಟಿಸದೆ ಕೆಲವು ಮೀಟರ್ ಹಿಂದೆ ಹಾಕುವುದು. ಆಗ ನಿಂತ ಕಾರಿನ ಮುಂದೆ ಜಾಗ ಉಳಿದು, ಪಕ್ಕದ ಸಾಲಿನವನಿಗೆ ದಾಟುವವರು ಕಾಣುತ್ತಾರೆ. ಖರ್ಚು? ಒಂದು ಡಬ್ಬ ಬಿಳಿ ಬಣ್ಣ.

ಅಂಕಲ್ ಬಿದ್ದ ಮರುದಿನದಿಂದ ಅಮ್ಮ ಪಾರ್ಕಿಗೆ ಹೋಗುವುದು ನಿಲ್ಲಿಸಿದಳು. ಹಾಗಂತ ಘೋಷಣೆ ಏನೂ ಮಾಡಲಿಲ್ಲ. ಮೊದಲು ಕಾಲು ನೋವು ಅಂದಳು, ಆಮೇಲೆ ಚಳಿ, ಆಮೇಲೆ ಪಾರ್ಕಿನಲ್ಲಿ ನಾಯಿ ಜಾಸ್ತಿ ಅಂದಳು. ಹಾಲು, ಸೊಪ್ಪು ಎಲ್ಲ ಆ್ಯಪ್‌ನಲ್ಲಿ ಬರುತ್ತದಲ್ಲ ಅಂತ ನಾನೂ ಅಂದುಕೊಂಡೆ. ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಶುಗರ್ 6.8ರಿಂದ 8.1ಕ್ಕೆ ಹೋಗಿತ್ತು. ಡಾಕ್ಟರು ಮಾತ್ರೆ ಹೆಚ್ಚು ಮಾಡಿ, "ವಾಕಿಂಗ್ ಯಾಕೆ ಬಿಟ್ರಿ?" ಅಂತ ಕೇಳಿದರು. ಅಮ್ಮ ಹೇಳಿದ್ದು ಒಂದೇ ಮಾತು.

"ನಂಗೆ ಆ ರಸ್ತೆ ದಾಟಕ್ಕೆ ಆಗಲ್ಲ ಡಾಕ್ಟ್ರೇ."

ಅದಕ್ಕೆ ಅವರ ಹತ್ತಿರ ಮಾತ್ರೆ ಇರಲಿಲ್ಲ.

ಭಯ ಅಂದರೆ ಮನಸ್ಸಿನ ವಿಷಯ, ಸ್ವಲ್ಪ ಧೈರ್ಯ ಹೇಳಿದರೆ ಹೋಗುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತೇವೆ. ನಾನು ಕೆಲಸ ಮಾಡುವುದು ಡೇಟಾ ಜೊತೆ, ಹಾಗಾಗಿ ಅಳೆದು ನೋಡೋಣ ಅನ್ನಿಸಿತು. ಮೊದಲು ನಮ್ಮ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಅಮ್ಮನ ನಡಿಗೆ ಅಳೆದೆ. ಹತ್ತು ಮೀಟರಿಗೆ ಹನ್ನೆರಡೂವರೆ ಸೆಕೆಂಡು, ಅಂದರೆ ಸೆಕೆಂಡಿಗೆ 0.8 ಮೀಟರ್. ("ಏನ್ ಮಾಡ್ತಿದ್ದೀಯ ಮಾರಾಯ್ತಿ, ನಾನೇನು ಓಟದ ಸ್ಪರ್ಧೆಗೆ ನಿಂತಿದ್ದೀನಾ?" ಅಂತ ಬೈಸಿಕೊಂಡೇ ಅಳೆದದ್ದು.) ರಸ್ತೆಯ ಅಗಲ 14 ಮೀಟರ್. ನಡುವೆ ಮೀಡಿಯನ್ ಇಲ್ಲ, ಬರೀ ಹಳದಿ ಗೆರೆ. ಹಾಗಾದರೆ ಅಮ್ಮನಿಗೆ ಆ ಬದಿ ಮುಟ್ಟಲು ಹದಿನೇಳೂವರೆ ಸೆಕೆಂಡು ಬೇಕು.

ಆಮೇಲೆ ಒಂದು ಸಂಜೆ ಆರರಿಂದ ಆರೂವರೆವರೆಗೆ ಎಳನೀರಿನ ಗಾಡಿ ಪಕ್ಕ ನಿಂತು ಫೋನಿನ ಸ್ಟಾಪ್‌ವಾಚಿನಲ್ಲಿ ವಾಹನಗಳ ನಡುವಿನ ಬಿಡುವು ಎಣಿಸಿದೆ. ಆ ಅರ್ಧ ಗಂಟೆಯಲ್ಲಿ ಸಿಕ್ಕ ಅತಿ ದೊಡ್ಡ ಬಿಡುವು ಒಂಬತ್ತು ಸೆಕೆಂಡು. ಹದಿನೇಳು ಸೆಕೆಂಡಿನದು ಒಂದೂ ಇಲ್ಲ.

ಇನ್ನೂ ಒಂದು ವಿಷಯ ಇತ್ತು. ನಮ್ಮ ಕಡೆಯಿಂದ ನಿಂತು ನೋಡಿದರೆ ಎಡಕ್ಕೆ ಸುಮಾರು 120 ಮೀಟರ್ ದೂರದಲ್ಲಿ ರಸ್ತೆ ತಿರುಗುತ್ತದೆ. ಅದರಾಚೆ ಏನು ಬರುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ 11 ಮೀಟರ್ ಬರುತ್ತದೆ. ತಿರುವಿನಿಂದ ನಮ್ಮವರೆಗೆ ಬರಲು ಅದಕ್ಕೆ ಹನ್ನೊಂದು ಸೆಕೆಂಡು ಸಾಕು. ಈಗ ಅಮ್ಮ ರಸ್ತೆ ಪೂರ್ತಿ ಖಾಲಿ ಇರುವುದನ್ನು ನೋಡಿಯೇ ಹೊರಟಳು ಅಂತಿಟ್ಟುಕೊಳ್ಳಿ. ಹನ್ನೊಂದನೇ ಸೆಕೆಂಡಿಗೆ ಅವಳು ಒಂಬತ್ತು ಮೀಟರಿನ ಹತ್ತಿರ ಇರುತ್ತಾಳೆ. ಅಂದರೆ ಹಳದಿ ಗೆರೆ ದಾಟಿ, ಎಡದಿಂದ ಬರುವ ವಾಹನಗಳ ಜಾಡಿನಲ್ಲಿ ಸರಿಯಾಗಿ ನಡುವೆ.

ಲೆಕ್ಕ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅಮ್ಮನಿಗೆ ಇದ್ದದ್ದು ಭಯವಲ್ಲ, ಅಂದಾಜು. ನಾನು ಸ್ಪ್ರೆಡ್‌ಶೀಟಿನಲ್ಲಿ ಮಾಡಿದ್ದನ್ನು ಅವಳು ರಸ್ತೆ ಅಂಚಿನಲ್ಲಿ ನಿಂತು ಕಣ್ಣಿನಲ್ಲೇ ಮಾಡಿದ್ದಳು. ಮೂವತ್ತರ ನಾವು ಅದೇ ರಸ್ತೆಯನ್ನು ಹತ್ತು ಸೆಕೆಂಡಿನಲ್ಲಿ ದಾಟುತ್ತೇವೆ, ಬೇಕಾದರೆ ಕೊನೆಗೆ ನಾಲ್ಕು ಹೆಜ್ಜೆ ಓಡುತ್ತೇವೆ. ಆ ನಾಲ್ಕು ಹೆಜ್ಜೆ ಓಡಲು ಆಗದವರಿಗೆ ಈ ರಸ್ತೆ ಬೇರೆಯೇ ರಸ್ತೆ.

ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಪರಿಹಾರವೂ ಅಲ್ಲೇ ಇತ್ತು. ರಸ್ತೆಯ ನಡುವೆ ಒಂದೂವರೆ ಎರಡು ಮೀಟರಿನ ಒಂದು ಕಟ್ಟೆ ಇದ್ದು ಅಲ್ಲಿ ನಿಲ್ಲಲು ಸಾಧ್ಯವಾದರೆ, ಅಮ್ಮ ಒಂದು ಸಲಕ್ಕೆ ದಾಟಬೇಕಾದದ್ದು ಅರ್ಧ ರಸ್ತೆ ಮಾತ್ರ. ಏಳು ಮೀಟರಿಗೂ ಕಡಿಮೆ, ಒಂಬತ್ತು ಸೆಕೆಂಡಿನೊಳಗೆ. ನೋಡಬೇಕಾದದ್ದೂ ಒಂದೇ ದಿಕ್ಕು. ಬೈಕಿನವನು ತಿರುವಿನಿಂದ ಬರಲು ಹನ್ನೊಂದು ಸೆಕೆಂಡು ಬೇಕು ಅಂದೆನಲ್ಲ, ಈಗ ಎರಡು ಸೆಕೆಂಡು ಉಳಿಯಿತು. ಅವನ ವೇಗ 30ಕ್ಕೆ ಇಳಿದರೆ ಹದಿನಾಲ್ಕು ಸೆಕೆಂಡು ಆಗುತ್ತದೆ. ಆಗ ಅಮ್ಮ ದೇವರ ನಾಮ ಹೇಳಿಕೊಂಡು ನಿಧಾನಕ್ಕೇ ದಾಟಬಹುದು.

ವೇಗದ ವಿಷಯದಲ್ಲಿ ಇನ್ನೊಂದು ಲೆಕ್ಕ ನನ್ನ ತಲೆಯಿಂದ ಹೋಗುತ್ತಿಲ್ಲ. ಅಡ್ಡ ಬಂದವರನ್ನು ಕಂಡು ಬ್ರೇಕಿಗೆ ಕಾಲು ಹೋಗಲು ಒಂದು ಸೆಕೆಂಡು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. 30 ಕಿಲೋಮೀಟರ್ ವೇಗದಲ್ಲಿರುವ ಕಾರು ಆ ಸೆಕೆಂಡಿನಲ್ಲಿ 8 ಮೀಟರ್ ಹೋಗಿ, ಬ್ರೇಕ್ ಹಿಡಿದು ಇನ್ನೈದು ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 13. ಅದೇ 50ರಲ್ಲಿ ಬರುತ್ತಿರುವ ಕಾರು ಆ ಮೊದಲ ಸೆಕೆಂಡಿನಲ್ಲೇ 14 ಮೀಟರ್ ಹೋಗಿರುತ್ತದೆ. ಅಂದರೆ ಮೊದಲನೆಯ ಕಾರು ಪೂರ್ತಿ ನಿಂತಿರುವ ಜಾಗವನ್ನು ಎರಡನೆಯದು ಬ್ರೇಕ್ ಮುಟ್ಟುವ ಮುಂಚೆ, ವೇಗ ಒಂದಿಷ್ಟೂ ಇಳಿಯದೆ ದಾಟಿರುತ್ತದೆ. ಜನರೂ ವಾಹನಗಳೂ ಬೆರೆಯುವ ಬೀದಿಗಳಲ್ಲಿ 30ರ ಮಿತಿ ಇರಲಿ ಅಂತ 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲಿ ಬರೆದಿರುವುದು ಸುಮ್ಮನೆ ಅಲ್ಲ. ನಮ್ಮ ಬೀದಿಯಲ್ಲಿ 30 ಅಂದರೆ ಡೆಲಿವರಿ ಹುಡುಗರು ನಗುತ್ತಾರೆ. ಅವರ ಆ್ಯಪ್ ನಗಲು ಬಿಡುವುದಿಲ್ಲ ಅನ್ನುವುದು ಬೇರೆ ಮಾತು.

ಇದನ್ನೆಲ್ಲ ಎರಡು ಪುಟದಲ್ಲಿ ಬರೆದು, ಅಕ್ಕಪಕ್ಕದ ನಲವತ್ತು ಮನೆಯವರ ಸಹಿ ಹಾಕಿಸಿ, ಸಂಬಂಧಪಟ್ಟ ಕಚೇರಿಗೆ ಫೆಬ್ರವರಿಯಲ್ಲಿ ಕೊಟ್ಟೆವು. ಕೇಳಿದ್ದು ಮೂರು. ಉಬ್ಬಿಸಿ ಕಟ್ಟಿದ ಒಂದು ದಾಟು, ನಡುವೆ ನಿಲ್ಲಲು ಒಂದು ಕಟ್ಟೆ, ಅದರ ಮೇಲೆ ಒಂದು ಬೀದಿದೀಪ. ಅಲ್ಲಿದ್ದ ಎಂಜಿನಿಯರ್ ಒರಟಾಗಿ ಏನೂ ಮಾತಾಡಲಿಲ್ಲ. ಕಾಗದ ಪೂರ್ತಿ ಓದಿದರು. ಓದಿ ಕೇಳಿದರು:

"ಮೇಡಂ, ಇಲ್ಲಿ ಆಕ್ಸಿಡೆಂಟ್ ಆಗಿರೋದಕ್ಕೆ ರೆಕಾರ್ಡ್ ಇದ್ಯಾ? ಎಫ್‌ಐಆರ್ ಏನಾದ್ರೂ?"

ಇರಲಿಲ್ಲ. ಆ ಹುಡುಗನೇ ಆಸ್ಪತ್ರೆಗೆ ಸೇರಿಸಿದ್ದ, ಅಂಕಲ್ ಕೇಸು ಬೇಡ ಅಂದಿದ್ದರು. ಕಡತದ ಪ್ರಕಾರ ನಮ್ಮ ರಸ್ತೆಯಲ್ಲಿ ಏನೂ ಆಗಿಲ್ಲ.

ವಾಪಸ್ ಬರುವಾಗ ಅದೇ ಯೋಚನೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ದಿನಕ್ಕೆ ತೊಂಬತ್ತು ಜನ. ಪೇಪರಿನ ಒಳಪುಟದಲ್ಲಿ 'ಪಾದಚಾರಿ ಸಾವು' ಅಂತ ನಾಲ್ಕು ಸಾಲು ಬರುತ್ತದಲ್ಲ, ಅವರು. ಮೂಳೆ ಮುರಿದುಕೊಂಡು ಬಾಲ್ಕನಿಗೆ ಸೇರಿದ ನಮ್ಮ ಅಂಕಲ್ ಆ ಲೆಕ್ಕದಲ್ಲಿಲ್ಲ. ದಾಟುವುದನ್ನೇ ಬಿಟ್ಟ ನಮ್ಮಮ್ಮ ಯಾವ ಲೆಕ್ಕದಲ್ಲೂ ಇಲ್ಲ. ಎಲ್ಲ ಮುದುಕರೂ ಮನೆಯೊಳಗೇ ಕೂತುಬಿಟ್ಟರೆ ಈ ರಸ್ತೆಯ ಸುರಕ್ಷತೆ ಕಾಗದದ ಮೇಲೆ ನೂರಕ್ಕೆ ನೂರು.

"ಸ್ಕೈವಾಕ್ ಹಾಕಿಸಿಕೊಳ್ಳಿ" ಅಂತ ಸಹಿ ಹಾಕುವಾಗಲೇ ಇಬ್ಬರು ಸಲಹೆ ಕೊಟ್ಟಿದ್ದರು. ನನ್ನ ಆಫೀಸು ಇರುವ ಔಟರ್ ರಿಂಗ್ ರೋಡಿನಲ್ಲಿ ಸ್ಕೈವಾಕ್ ಬೇಕೇ ಬೇಕು, ಅಲ್ಲಿ ನೆಲದ ಮೇಲೆ ದಾಟುವುದು ಆತ್ಮಹತ್ಯೆಗೆ ಸಮ. ನಾನು ದಿನಾ ಹತ್ತುತ್ತೇನೆ. ಬಸ್ಸು, ಲಾರಿ ಕೆಳಗೆ ಹೋಗಬೇಕೆಂದರೆ ಸೇತುವೆ ಐದೂವರೆ ಮೀಟರ್ ಎತ್ತರವಾದರೂ ಇರಬೇಕು, ಅಂದರೆ ಕಡಿಮೆ ಅಂದರೂ 35-40 ಮೆಟ್ಟಿಲು ಹತ್ತಿ, ಅಷ್ಟೇ ಇಳಿಯಬೇಕು. ಮಂಡಿ ಸವೆದ ಹೆಂಗಸನ್ನು ಹಾಲಿಗೋಸ್ಕರ ಎರಡು ಮಹಡಿ ಹತ್ತಿಸುವುದು, ಕಾರಿನಲ್ಲಿ ಕೂತವರು ಬ್ರೇಕ್ ಒತ್ತಬೇಕಾಗದೇ ಇರಲಿ ಅಂತ. ನಮ್ಮ ಬಡಾವಣೆಯ ಒಳರಸ್ತೆಗೆ ಇದು ಯಾವ ನ್ಯಾಯವೋ ನನಗೆ ತಿಳಿಯಲಿಲ್ಲ.

ಕಾನೂನು ನಡೆಯುವವರ ಪರವಾಗಿಯೇ ಇದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುವುದು ಇಷ್ಟು: ಸಿಗ್ನಲ್ ಇಲ್ಲದ ಪಾದಚಾರಿ ದಾಟಿನ ಹತ್ತಿರ ಬರುವಾಗ ಚಾಲಕ ವೇಗ ತಗ್ಗಿಸಬೇಕು, ನಿಲ್ಲಬೇಕು, ದಾಟುವವರಿಗೆ ದಾರಿ ಬಿಡಬೇಕು. ಇದು ನಿಮಗೂ ಗೊತ್ತಿರುವ ವಿಷಯವೇ. ನೆನಪು ಮಾಡಿಕೊಳ್ಳಿ, ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಕಂಪ್ಯೂಟರ್ ಮುಂದೆ ಕೂತಾಗ ಬರುವ ಪ್ರಶ್ನೆಗಳಲ್ಲಿ ಇದೂ ಒಂದು. ಜೀಬ್ರಾ ಪಟ್ಟೆಯಲ್ಲಿ ಜನ ದಾಟಲು ಕಾಯುತ್ತಿದ್ದಾರೆ, ನೀವೇನು ಮಾಡುತ್ತೀರಿ? ಹಾರ್ನ್ ಹೊಡೆದು ಮುಂದೆ ಹೋಗುತ್ತೀರಾ, ಅಥವಾ ನಿಲ್ಲಿಸಿ, ಅವರು ದಾಟಿದ ಮೇಲೆ ಹೋಗುತ್ತೀರಾ? ಲೈಸೆನ್ಸ್ ಇರುವ ನಾವೆಲ್ಲ ಸರಿ ಉತ್ತರ ಒತ್ತಿಯೇ ಪಾಸಾಗಿದ್ದು. ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದದ್ದೇ ಹಾರ್ನ್ ಹೊಡೆದೆವು.

ನಾನೂ ಸ್ಕೂಟಿ ಓಡಿಸುತ್ತೇನೆ, ಹಾಗಾಗಿ ನಿಲ್ಲಿಸುವುದು ಯಾಕೆ ಕಷ್ಟ ಅಂತಲೂ ಗೊತ್ತು. ಹಿಂದಿನವನು ನಿಲ್ಲುತ್ತಾನೆ ಅನ್ನುವ ನಂಬಿಕೆ ಇಲ್ಲ. ಒಮ್ಮೆಲೇ ಬ್ರೇಕ್ ಹಾಕಿದರೆ ಬೆನ್ನಿಗೇ ಗುದ್ದುತ್ತಾನೆ. ಅದಕ್ಕೆ ನಾನು ಕಂಡುಕೊಂಡದ್ದು, ಜನ ನಿಂತಿರುವುದು ದೂರದಿಂದ ಕಂಡ ಕೂಡಲೇ ಎರಡು ಮೂರು ಸಲ ಬ್ರೇಕನ್ನು ಲಘುವಾಗಿ ಮುಟ್ಟುವುದು. ಹಿಂದಿನ ದೀಪ ಮಿನುಗಿದರೆ ಹಿಂದಿನವನೂ ನಿಧಾನ ಮಾಡುತ್ತಾನೆ. ಆಮೇಲೆ ಪಟ್ಟೆಗಿಂತ ಒಂದು ಕಾರಿನಷ್ಟು ಹಿಂದೆಯೇ ನಿಲ್ಲುವುದು. ಮತ್ತೆ ಒಂದು ವಿಷಯ, ದಾಟುವವರಿಗೆ 'ಬನ್ನಿ ಬನ್ನಿ' ಅಂತ ಕೈ ಬೀಸುವುದಿಲ್ಲ. ನಾನು ನಿಲ್ಲುತ್ತೇನೆ ಅಂತ ಮಾತ್ರ ನಾನು ಮಾತು ಕೊಡಬಹುದು, ಪಕ್ಕದವನ ಪರವಾಗಿ ಕೊಡಲು ನಾನು ಯಾರು? ಮೇಲಿನ ಮನೆಯ ಅಂಕಲ್ ನಂಬಿದ್ದು ಅಂಥ ಒಂದು ಕೈಯನ್ನೇ.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಯಾರೋ ಬಂದು ಜೀಬ್ರಾ ಪಟ್ಟೆ ಬಳಿದು ಹೋದರು. ಬೆಳಗ್ಗೆ ಎದ್ದು ನೋಡಿದರೆ ಬೆಳ್ಳಗೆ, ಹಾಲುಗಲ್ಲದ ಮಗುವಿನ ಹಾಗೆ ಚೆಂದ. ನಡುವೆ ಕಟ್ಟೆಯ ಬದಲು ಎರಡು ಪ್ಲಾಸ್ಟಿಕ್ ಕಂಬ. ವಾರದೊಳಗೆ ಒಂದನ್ನು ಟೆಂಪೋ ಮಲಗಿಸಿತು. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ ಅಂತ, ಬೇರೆ ಯಾವುದೋ ಇಲಾಖೆಯವರು ಬಂದು ರಸ್ತೆಗೆ ಡಾಂಬರು ಹಾಕಿದರು. ಜೀಬ್ರಾ ಅದರಡಿ ಹೋಯಿತು. ಹೊಸ ಡಾಂಬರು, ನುಣುಪು ರಸ್ತೆ, ವಾಹನಗಳ ವೇಗ ಇನ್ನೂ ಹತ್ತು ಕಿಲೋಮೀಟರ್ ಜಾಸ್ತಿ. ಜುಲೈನಲ್ಲಿ ಮತ್ತೆ ಪಟ್ಟೆ ಬಂತು.

ಈ ಕಪ್ಪು ಬಿಳುಪು ಪಟ್ಟೆ ಬ್ರಿಟನ್ನಿನಲ್ಲಿ ಜಾರಿಗೆ ಬಂದದ್ದು 1951ರಲ್ಲಿ. ಅದಕ್ಕೂ ಮುಂಚೆ 1934ರಿಂದಲೇ ಅಲ್ಲಿ ದಾಟುವ ಜಾಗದಲ್ಲಿ ಕಂಬ ನೆಟ್ಟು ಮೇಲೆ ಕಿತ್ತಳೆ ಬಣ್ಣದ ಗೋಲ ಇಡುತ್ತಿದ್ದರು. ಪಟ್ಟೆ ಬಳಿದ ಮೇಲೂ ಆ ಗೋಲದ ಕಂಬಗಳನ್ನು ಕೀಳಲಿಲ್ಲ. ಇಲ್ಲಿ ದಾಟು ಇದೆ ಅಂತ ದೂರದಿಂದಲೇ ಕಾಣಬೇಕು, ಹತ್ತಿರ ಬಂದಾಗ ಕಾಲ ಕೆಳಗೂ ಕಾಣಬೇಕು. ನಮ್ಮಲ್ಲಿ ಕಂಬವಿಲ್ಲ, ದೀಪವಿಲ್ಲ, ಬರೀ ಬಣ್ಣ. ಮಳೆ ಬಿದ್ದ ರಾತ್ರಿ ಎದುರಿನ ಹೆಡ್‌ಲೈಟಿಗೆ ಒದ್ದೆ ರಸ್ತೆ ಹೊಳೆಯುವಾಗ ಆ ಬಣ್ಣವನ್ನು ಹುಡುಕಿ ನೋಡಿ, ಕಂಡರೆ ಹೇಳಿ.

ಶಾಲೆ ಗೇಟಿನ ಮುಂದೆ ಒಂದು ಹಂಪ್ ಹಾಕಿದ್ದಾರೆ. ಅದರದ್ದೂ ಒಂದು ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪ್ರಕಾರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. 25ರ ವೇಗದಲ್ಲಿ ಬಂದವನಿಗೆ ಗೊತ್ತೂ ಆಗಬಾರದು, 50ರಲ್ಲಿ ಬಂದವನಿಗೆ ಚೆನ್ನಾಗಿ ಗೊತ್ತಾಗಬೇಕು. ನಮ್ಮದು ಸಿಕ್ಕಿದವರ ಸೊಂಟವನ್ನೆಲ್ಲ ಒಂದೇ ಸಮ ಮುರಿಯುವ ಜಾತಿ. ಆದರೂ ಇರಲಿ, ಇದೆಯಲ್ಲ ಅಂತ ಸಮಾಧಾನ.

ಆ ಗೇಟಿನಲ್ಲಿ ನಿಲ್ಲುವ ಸೆಕ್ಯೂರಿಟಿಯವರು ಶಹಾಪುರದ ಕಡೆಯವರು. ವಯಸ್ಸು ಐವತ್ತರ ಮೇಲೆ. ಬೆಳಗ್ಗೆ ಎಂಟರಿಂದ ಒಂಬತ್ತು, ಮಧ್ಯಾಹ್ನ ಮೂರರಿಂದ ಮೂರೂವರೆ, ಒಂದು ಸೀಟಿ, ಕೋಲಿಗೆ ಕಟ್ಟಿದ ಕೆಂಪು ಬಟ್ಟೆ ಹಿಡಿದು ರಸ್ತೆಯ ನಡುವೆ ನಿಂತುಬಿಡುತ್ತಾರೆ. ಅವರಿಗೆ ಪೊಲೀಸರ ಅಧಿಕಾರ ಇಲ್ಲ, ಯಾರಿಗೂ ದಂಡ ಹಾಕುವ ಹಾಗಿಲ್ಲ. ಆದರೂ ವಾಹನ ನಿಲ್ಲುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದ ವಾರ, ಮೆಡಿಕಲ್ ಶಾಪಿಗೆ ಅಂತ ಹೊರಟು ಅಂಚಿನಲ್ಲೇ ನಿಂತಿದ್ದ ಅಮ್ಮನನ್ನು ನೋಡಿ ಅವರೇ ಕರೆದರಂತೆ: "ಬರ್ರಿ ಅಮ್ಮಾರ, ಹುಡುಗರ ಜೋಡಿ ದಾಟ್ರಿ."

ಅವತ್ತಿನಿಂದ ಅಮ್ಮನ ಪಾಠ ಶುರು. ಸಂಜೆ ನಾನು ಬಂದ ಕೂಡಲೇ ಅವರು ಹೇಳಿಕೊಟ್ಟದ್ದನ್ನು ನನಗೆ ಒಪ್ಪಿಸುತ್ತಾಳೆ, ಅದೂ ಶಹಾಪುರದ ಕನ್ನಡದಲ್ಲೇ.

"ಗಾಲಿ ನೋಡ್ರಿ, ಮಾರಿ ನೋಡಬ್ಯಾಡ್ರಿ. ಮಾರಿ ನಗತದ, ಗಾಲಿ ಸುಳ್ಳ ಹೇಳಂಗಿಲ್ಲ."

ಮಾರಿ ಅಂದರೆ ಮುಖ. ಡ್ರೈವರ್ ನಮ್ಮನ್ನು ನೋಡಿದ, ತಲೆ ಆಡಿಸಿದ ಅಂತ ಕಾಲಿಡಬಾರದು. ಗಾಲಿ ನಿಜವಾಗಿ ನಿಧಾನ ಆಯಿತಾ, ನಿಂತಿತಾ ಅಂತ ನೋಡಬೇಕು. ರಸ್ತೆ ಸುರಕ್ಷತೆ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಇನ್ನೂ ಕೆಲವಿವೆ. ನಿಂತ ಕಾರಿನ ಮುಂದೆ ಬಂದ ಮೇಲೆ ಅದರ ಅಂಚಿನಲ್ಲಿ ಒಂದು ಸಲ ನಿಂತು, ಬಗ್ಗಿ ಪಕ್ಕದ ಸಾಲು ನೋಡಬೇಕು, ಆಮೇಲೆ ಮುಂದಿನ ಹೆಜ್ಜೆ. ನಿಂತ ಬಸ್ಸಿನ ಮುಂದೆ ದಾಟಲೇಬಾರದು, ಬಸ್ಸು ಹೋಗಲಿ. ಹೊರಟ ಮೇಲೆ ಓಡಬಾರದು, ಅರ್ಧಕ್ಕೆ ಹಿಂದೆ ತಿರುಗಲೂ ಬಾರದು. ಬೈಕಿನವನು ನಮ್ಮ ನಡಿಗೆ ಲೆಕ್ಕ ಹಾಕಿ ಹಿಂದಿನಿಂದ ಹೋಗುತ್ತಿರುತ್ತಾನೆ, ನಾವು ಲೆಕ್ಕ ತಪ್ಪಿಸಿದರೆ ಇಬ್ಬರೂ ಬಿದ್ದೆವು. ಎಡ ಬಲ ಎರಡೂ ಕಡೆ ನೋಡಬೇಕು, ಒನ್‌ವೇ ಆದರೂ. ಬೆಂಗಳೂರಿನಲ್ಲಿ ಒನ್‌ವೇ ಅಂದರೆ ಕಾರುಗಳಿಗೆ ಮಾತ್ರ ಅನ್ವಯ ಆಗುವ ನಿಯಮ.

ಕಿವಿಯನ್ನು ನಂಬಬಾರದು ಅನ್ನುವುದು ಅಮ್ಮನೇ ಸೇರಿಸಿದ್ದು. ಊರಲ್ಲಿ ಅವಳು ಅರ್ಧ ರಸ್ತೆ ದಾಟುತ್ತಿದ್ದದ್ದು ಕಿವಿಯಿಂದ. ಬಸ್ಸು ಘಾಟಿ ತಿರುವಿನಲ್ಲಿ ಇರುವಾಗಲೇ ಗೊತ್ತಾಗುತ್ತಿತ್ತಂತೆ. ಇಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಪಕ್ಕಕ್ಕೆ ಬಂದು ನಿಂತರೂ ಸದ್ದಿಲ್ಲ. "ದೆವ್ವ ಬಂದ ಹಾಗೆ ಬರ್ತಾವೆ" ಅನ್ನುತ್ತಾಳೆ. ಇದನ್ನು ಹೇಳುವಾಗ ನನ್ನ ಕಿವಿಯಲ್ಲಿದ್ದ ಇಯರ್‌ಬಡ್ ಕಡೆ ಒಂದು ನೋಟ ಬಿಟ್ಟಳು. ಪಿಜಿಯಿಂದ ಇಳಿದು, ಕಿವಿಗೆ ಹಾಡು, ಕಣ್ಣಿಗೆ ಕ್ಯಾಬಿನ ಮ್ಯಾಪು ಹಾಕಿಕೊಂಡು ದಾಟುವ ಹುಡುಗ ಹುಡುಗಿಯರನ್ನು ಕಂಡರೆ ಆ ಸೆಕ್ಯೂರಿಟಿಯವರಿಗೆ ಎಲ್ಲಿಲ್ಲದ ಸಿಟ್ಟಂತೆ. ಸಣ್ಣ ಮಕ್ಕಳು ಹೇಳಿದ ಮಾತು ಕೇಳುತ್ತವೆ, ಇವರಿಗೆ ಸೀಟಿಯೇ ಕೇಳಿಸುವುದಿಲ್ಲವಲ್ಲ ಅಂತ.

ಈಗ ಅಮ್ಮ ದಿನಾ ಎಂಟೂ ಹತ್ತಕ್ಕೆ ಹೊರಡುತ್ತಾಳೆ. ಮೊದಲು ಆರಕ್ಕೇ ಹೋಗುತ್ತಿದ್ದವಳು. ಎಂಟಕ್ಕೆ ಬಿಸಿಲು ಏರಿರುತ್ತದೆ, ಹಳೆಯ ಗೆಳತಿಯರು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾರೆ. ಆದರೂ ಆ ಹೊತ್ತೇ ಅವಳ ಹೊತ್ತು, ಯಾಕೆಂದರೆ ಆಗ ರಸ್ತೆಯಲ್ಲಿ ಕೆಂಪು ಬಟ್ಟೆ ಇರುತ್ತದೆ. ಒಂಬತ್ತರೊಳಗೆ ವಾಪಸ್ ಬರಲೇಬೇಕು. ಒಂದು ದಿನ ಪಾರ್ಕಿನಲ್ಲಿ ಮಾತಿಗೆ ಕೂತು ಒಂಬತ್ತೂಕಾಲು ಆಯಿತಂತೆ. ಆಚೆ ಬದಿಯಲ್ಲಿ ಇಪ್ಪತ್ತೈದು ನಿಮಿಷ ನಿಂತು, ಕೊನೆಗೆ ಹೂವಿನ ಅಕ್ಕ ಅಂಗಡಿ ಬಿಟ್ಟು ಬಂದು ಕೈ ಹಿಡಿದು ದಾಟಿಸಿದಳು. ಯುನಿಫಾರ್ಮ್ ಹಾಕಿದ ಮಕ್ಕಳ ಜೊತೆ ಸಾಲಿನಲ್ಲಿ ನಿಂತು ದಾಟುವುದರಿಂದ ಅವಳಿಗೆ ಹೊಸ ಹೆಸರೂ ಬಂದಿದೆ, 'ಅಜ್ಜಿ ಮಿಸ್'. ಎರಡನೇ ಕ್ಲಾಸಿನ ಇಬ್ಬರಿಗೆ ಮಗ್ಗಿ ಕೇಳುತ್ತಾ ದಾಟಿಸುತ್ತಾಳೆ. ಕಳೆದ ತಿಂಗಳ ಶುಗರ್ 7.2.

ನಡುವಿನ ಕಟ್ಟೆಯ ಮಾತು ಕಡತದಲ್ಲಿದೆ. ಆ ಎಂಜಿನಿಯರ್ ಒಂದು ದಿನ ಟೇಪು ಹಿಡಿದು ಬಂದು ಅಳೆದು ಹೋದರು. ಅಮ್ಮನನ್ನು ಕಂಡು, ನೀವೇನಾ ಸೆಕೆಂಡಿಗೆ 0.8 ಮೀಟರಿನವರು ಅಂತ ಕೇಳಿದರಂತೆ. ಅಷ್ಟು ನೆನಪಿಟ್ಟಿದ್ದಾರೆ ಅಂದರೆ ಆಗಬಹುದು ಅಂತ ನನ್ನ ಆಸೆ. ಕಳೆದ ವಾರ ಇನ್ನೊಂದು ಕಾಗದ ಕೊಟ್ಟು ಬಂದೆ, ಈ ಸಲ ಅರವತ್ತೊಂದು ಸಹಿ. ಮೇಲಿನ ಮನೆಯ ಅಂಕಲ್ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದ ಜೆರಾಕ್ಸ್ ಕೊಟ್ಟು, "ಇದನ್ನೂ ಸೇರಿಸಮ್ಮ, ರೆಕಾರ್ಡ್ ಕೇಳಿದ್ರಲ್ಲ" ಅಂದರು.

ದಸರಾ ರಜೆ ಹತ್ತಿರ ಬಂತು. ಸೆಕ್ಯೂರಿಟಿಯವರು ಮಹಾನವಮಿಗೆ ಊರಿಗೆ ಹೊರಟಿದ್ದಾರೆ, ಬರುವುದು ಶಾಲೆ ಶುರುವಾದ ಮೇಲೆಯೇ. "ಸೂಟಿ ಮುಗಿಯೂತನ ಮನಿಯಾಗ ಇರ್ರಿ ಅಮ್ಮಾರ, ಒಬ್ಬಾಕಿ ದಾಟಬ್ಯಾಡ್ರಿ" ಅಂತ ಹೇಳಿ ಹೋಗಿದ್ದಾರೆ. ಅಷ್ಟು ದಿನ ಬೆಳಗ್ಗೆ ಏಳೂವರೆಯಿಂದ ಎಂಟೂವರೆವರೆಗೆ ಯಾರೂ ಮೀಟಿಂಗ್ ಇಡಬೇಡಿ ಅಂತ ನನ್ನ ಆಫೀಸ್ ಕ್ಯಾಲೆಂಡರಿನಲ್ಲಿ ಬ್ಲಾಕ್ ಮಾಡಿದ್ದೇನೆ, ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಅಮ್ಮ ಒಪ್ಪಿಲ್ಲ. ಟೆರೇಸ್ ಮೇಲೆ ನೀರಿನ ಟ್ಯಾಂಕಿನ ಸುತ್ತ ಎಷ್ಟು ಸುತ್ತು ಹಾಕಿದರೆ ಪಾರ್ಕಿನ ಒಂದು ಸುತ್ತಿಗೆ ಸಮ ಆಗುತ್ತೆ, ಅದನ್ನು ಲೆಕ್ಕ ಹಾಕಿ ಕೊಡು ಅಂತ ಕೇಳಿದ್ದಾಳೆ.